ಕಿವಿ ಮುಚ್ಚಿಕೊಂಡವರ ಜೊತೆ

ಒಂದು ವಿಷಯ ನಮ್ಮೊಳಗೇ ಇರಲಿ ಮಕ್ಕಳೇ. ಎರಡೂ ಕಿವಿ ಮುಚ್ಚಿಕೊಂಡು ಕೂತವರ ಜೊತೆ ಇರುವುದೆಂದರೆ ನನಗೆ ಬಹಳ ಇಷ್ಟ. ಮಾತಾಡಲು ನಾಚುವ ನನ್ನಂಥವಳಿಗೆ ಅಂಥ ಜೊತೆ ಸಿಗುವುದು ಪುಣ್ಯ. ಅವರು ನಮ್ಮ ಪಕ್ಕದಲ್ಲೇ ಇರುತ್ತಾರೆ, ಮನೆ ತುಂಬಿದ ಹಾಗೆ ಇರುತ್ತದೆ, ಆದರೆ "ಮತ್ತೆಂತ ಸಮಾಚಾರ?" ಎಂದು ಕೇಳುವುದಿಲ್ಲ. ಈ ಸಮಾಚಾರ ಎನ್ನುವುದನ್ನು ಮನಸ್ಸಿನಲ್ಲಿ ಹುಡುಕಿ ತೆಗೆಯುವಷ್ಟರಲ್ಲಿ ನನಗೆ ಬೆವರು ಇಳಿಯುತ್ತದೆ. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಸ್ವರ ಮೇಷ್ಟ್ರ ಮೇಜಿನವರೆಗೆ ತಲುಪದೆ, ಎದುರಿಗೇ ಕೂತಿದ್ದರೂ ಗೈರುಹಾಜರಿ ಬಿದ್ದದ್ದುಂಟು.

ನಿಮ್ಮ ಅಕ್ಕ ಶ್ವೇತಾ ಮುಂಬಯಿಯಿಂದ ಬಂದು, ಬೈಂದೂರಿನ ಯಡ್ತರೆಯ ನಮ್ಮ ಮನೆಯಲ್ಲಿ ಉಳಿದು, ಕುಂದಾಪುರದ ಕಾಲೇಜಿಗೆ ಹೋಗತೊಡಗಿದಾಗ ನಮ್ಮಿಬ್ಬರಿಗೆ ಹೊಂದಿಕೆಯಾದದ್ದು ಹೀಗೆಯೇ. ಅವಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂರುವಳು. ನಾನು ಪಕ್ಕದಲ್ಲಿ ಗುಡಿಸುವ ಹಿಡಿಸೂಡಿಗೆ ತೆಂಗಿನ ಗರಿಯ ಕಡ್ಡಿ ಹೆರೆಯುತ್ತ ಕೂರುವೆ. ಅವಳ ತಲೆ ಮಾತ್ರ ಹಿಂದೆ ಮುಂದೆ ಅಲುಗುತ್ತಿತ್ತು, ದೈವದ ಪಾತ್ರಿಗೆ ಮೈಮೇಲೆ ದರ್ಶನ ಬರುವ ಮುಂಚಿನ ಹಾಗೆ.

ಕಳೆದ ವಾರ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವನು ಫೋನು ಮಾಡಿ, ಮೆಟಲ್ ಸಂಗೀತ ಕೇಳಲು ಯಾವ ಹೆಡ್‌ಫೋನು ತೆಗೆದುಕೊಳ್ಳಲಿ ಎಂದು ಅವಳನ್ನು ಕೇಳಿದನಂತೆ. ಅವಳು "ಅಮ್ಮಮ್ಮನ ಹತ್ರ ಕೇಣ್" ಎಂದಳಂತೆ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಂತೆ. ನಗಿ, ನನಗೇನೂ ಬೇಸರವಿಲ್ಲ. ಆದರೆ ಅವಳು ತಮಾಷೆಗೆ ಹೇಳಿದ್ದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆಮೇಲೆ ಕಲಿತ ಒಂದೇ ವಿದ್ಯೆ ಇದು. ಕಲಿಸಿದ್ದು ಹೆದರಿಕೆ.

ಮೆಟಲ್ ಸಂಗೀತಕ್ಕೆ ಹೆದರಿದೆ ಎಂದುಕೊಳ್ಳಬೇಡಿ. ಒಂದು ದಿನ ಅವಳು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟಳು. ಒಳಗೆ ಒಬ್ಬ ಗಂಡಸು ಗಂಟಲು ಹರಿದುಕೊಂಡು ಅಬ್ಬರಿಸುತ್ತಿದ್ದ. ನಾನು ಹೆದರುತ್ತೇನೆಂದು ಕಾದಳು. ನಾನು ಹೆದರಬೇಕಾದದ್ದನ್ನು ಸಣ್ಣವಳಿದ್ದಾಗಲೇ ಹೆದರಿ ಮುಗಿಸಿದ್ದೆ. ಯಕ್ಷಗಾನದ ಆಟದಲ್ಲಿ ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದಿನಿಂದ ಕೂಗುತ್ತ ಬಂದರೆ ನಾನು ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆ. ಒಮ್ಮೆ ಬೆಳಗಾದ ಮೇಲೆ ಅಮ್ಮ ನನ್ನನ್ನು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಆ ರಾಕ್ಷಸ ಅರ್ಧ ಬಣ್ಣ ಒರೆಸಿಕೊಂಡು, ಚಾ ಬಿಸಿಯಾಯಿತೆಂದು ಬಾಯಿಂದ ಊದುತ್ತ ಕೂತಿದ್ದ. ನನ್ನನ್ನು ಕಂಡು, "ಹೆದ್ರಿಕಿ ಆಯ್ತಾ ಮಗಾ?" ಎಂದು ಮೆಲ್ಲಗೆ ಕೇಳಿದ. ಅಂದಿನಿಂದ ಅಬ್ಬರಿಸುವವರನ್ನು ಕಂಡರೆ ನನಗೆ ಅವರ ಚಾದ ನೆನಪೇ ಬರುವುದು.

ಹೆದರಿಕೆ ಬಂದದ್ದು ಬೇರೆ ದಿನ. ಕಾಲೇಜಿನಿಂದ ಬಂದ ಶ್ವೇತಾ ಇಯರ್‌ಫೋನು ತೆಗೆದಿಟ್ಟು ಕಿವಿಯನ್ನು ಉಜ್ಜಿಕೊಂಡಳು.

"ಅಮ್ಮಮ್ಮ, ಕೆಮಿ ಒಳ್ಗೆ ಕುಂಯ್ ಅಂತ್."

ನನ್ನ ಕೈಯ ಕತ್ತಿ ಅಲ್ಲೇ ನಿಂತಿತು. ನಿಮ್ಮ ಅಜ್ಜ ನನಗೆ ಹೇಳಿದ್ದೂ ಇದೇ ಮಾತು.

ಅಜ್ಜನದು ಗಂಗೊಳ್ಳಿ ಬಂದರಿನ ಬೋಟಿನಲ್ಲಿ ಇಂಜಿನು ನೋಡಿಕೊಳ್ಳುವ ಕೆಲಸ. ಇಂಜಿನಿನ ಪಕ್ಕದಲ್ಲೇ ಊಟ, ಅಲ್ಲೇ ನಿದ್ದೆ. ಮೊದಲು ಕುಂಯ್ ಎಂದಿತು. ಆಮೇಲೆ ನಾನು ಹಿಂದಿನಿಂದ ಕರೆದರೆ ತಿರುಗುವುದನ್ನು ಬಿಟ್ಟರು. ಆಮೇಲೆ ಎದುರಿನಿಂದ ಕರೆದರೂ "ಹಾಂ?" ಎನ್ನತೊಡಗಿದರು. ದೇವರು ಎಷ್ಟು ತಮಾಷೆಗಾರ ನೋಡಿ. ಊರಿನಲ್ಲೇ ಮೆತ್ತಗಿನ ಸ್ವರದವಳಿಗೆ ಊರಿನಲ್ಲೇ ಕಿವಿ ಕೇಳದ ಗಂಡ. ಗಂಡ ಹೆಂಡತಿಯ ಗುಟ್ಟು ಎಂದು ಬೇರೆಯವರ ಮನೆಯಲ್ಲಿ ಏನೋ ಇರುತ್ತದಂತೆ, ನಮ್ಮಲ್ಲಿ ಇರಲಿಲ್ಲ. ನಿಮ್ಮ ಸಣ್ಣ ಮಾವ ನನ್ನ ಹೊಟ್ಟೆಯಲ್ಲಿದ್ದಾನೆಂಬುದನ್ನು ನಾನು ನಿಮ್ಮ ಅಜ್ಜನಿಗೆ ನಾಚಿಕೊಂಡು, ನಾಚಿಕೊಂಡು, ಮೂರನೆಯ ಸಲ ಕೂಗಿ ಹೇಳಿದೆ. ಅವರು "ಹಾಂ?" ಎನ್ನುವುದಕ್ಕೆ ಮೊದಲೇ ಆಚೆ ಮನೆಯ ಅತ್ತೆ ಬೇಲಿಯಾಚೆಯಿಂದ, "ಕೇಂಡ್ತ್ ಮಾರಾಯ್ತಿ, ಒಳ್ಳೇದಾಯ್ತ್!" ಎಂದರು.

ಈಗ ನಗು ಬರುತ್ತದೆ. ಕೊನೆಕೊನೆಗೆ ನಗು ಇರಲಿಲ್ಲ. ಅಂಗಡಿಯ ಹತ್ತಿರ ನಾಲ್ಕು ಜನ ಕೂತು ಮಾತಾಡುವಲ್ಲಿ ಅವರು ಎಲ್ಲರೂ ನಕ್ಕಾಗ ನಗುತ್ತಿದ್ದರು, ಒಂದು ಗಳಿಗೆ ತಡವಾಗಿ. ಆಮೇಲೆ ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಅದನ್ನು ಕಂಡವಳು ನಾನು. ಮಗಳು ಅಳಿಯ ನಂಬಿ ನನ್ನ ಕೈಯಲ್ಲಿ ಬಿಟ್ಟ ಹುಡುಗಿ ಅದೇ ದಾರಿಯಲ್ಲಿ ಹೆಜ್ಜೆ ಇಟ್ಟರೆ ನಾನು ಏನೆಂದು ಉತ್ತರ ಕೊಡಲಿ?

ಮಾರನೇ ದಿನವೇ ಕುಂದಾಪುರದ ಕಿವಿ ಡಾಕ್ಟರ ಹತ್ತಿರ ಹೋದೆವು. ಗಾಜಿನ ಸಣ್ಣ ಕೋಣೆಯೊಳಗೆ ಅವಳನ್ನು ಕೂರಿಸಿ, ಕಿವಿಗೆ ಏನು ಹಾಕಿದರು ಗೊತ್ತೇ? ಹೆಡ್‌ಫೋನು! ನಾನು ಹೊರಗಿನ ಬೆಂಚಿನಲ್ಲಿ ಕೂತು, ಮದ್ದೂ ಅದೇ ವಿಷವೂ ಅದೇ ಆದರೆ ಹೇಗಪ್ಪಾ ಎಂದುಕೊಂಡೆ. ಡಾಕ್ಟರು ಹೆಂಗಸು, ಸಮಾಧಾನದವರು. "ಈಗ ಏನೂ ಹಾಳಾಗಿಲ್ಲ. ಆದರೆ ಆ ಕುಂಯ್ ಎನ್ನುವುದು ಎಚ್ಚರಿಕೆ. ಸಂಗೀತ ಬಿಡಬೇಕಾಗಿಲ್ಲ, ಸದ್ದು ಇಳಿಸಬೇಕು. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡೋಣ" ಎಂದರು.

ಸದ್ದು ಇಳಿಸುವುದು ಹೇಳಿದಷ್ಟು ಸುಲಭವಲ್ಲ. ಅವಳು ಜೋರಾಗಿ ಕೇಳುವುದು ಹಟಕ್ಕಲ್ಲ ಎಂದು ನನಗೆ ಗೊತ್ತಾದದ್ದು ಆಗ. ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಇಂಜಿನಿನ ಸದ್ದು, ಹಾರ್ನು, ಕಂಡಕ್ಟರನ ಸೀಟಿ. ಮನೆಯಲ್ಲಿ ಅಂಗಳಕ್ಕೆ ಇಳಿಸಿದ ತಗಡಿನ ಮೇಲೆ ಮಳೆ. ಕಡ್ಡಿಯಂಥ ಆ ಇಯರ್‌ಫೋನು ಇದನ್ನೆಲ್ಲ ಒಳಗೆ ಬಿಡುತ್ತಿತ್ತು. ಹೊರಗಿನ ಸದ್ದಿನ ತಲೆಯ ಮೇಲೆ ಅವಳು ತನ್ನ ಸದ್ದನ್ನು ಕೂರಿಸಬೇಕಿತ್ತು. ಹೊರಗಿನದನ್ನು ಹೊರಗೇ ನಿಲ್ಲಿಸಿದರೆ ಒಳಗಿನದು ಮೆತ್ತಗಿದ್ದರೂ ಸಾಕಲ್ಲವೇ? ಆದ್ದರಿಂದ ಹೆಡ್‌ಫೋನು ಹುಡುಕುತ್ತ ಹೊರಟೆವು.

ಕುಂದಾಪುರದ ಪೇಟೆಯಲ್ಲಿ ಒಂದು ಅಂಗಡಿ. ಅಂಗಡಿಯವ ಬಾಯಿ ಮುಚ್ಚದ ಮನುಷ್ಯ.

"ಇದ್ ಹಾಕಿ ಕಾಣಿ ಅಮ್ಮ. ಬೇಸ್ ಅಂದ್ರೆ ಎದಿ ಗಡಗಡ ಅಂತ್!"

"ಎದಿ ಗಡಗಡ ಆಪ್ದ್ ಬ್ಯಾಡ," ಎಂದಳು ಶ್ವೇತಾ. "ಡ್ರಮ್ ಬ್ಯಾರೆ, ಗಿಟಾರ್ ಬ್ಯಾರೆ ಕೇಣ್ಕ್."

ಮೆಟಲ್‌ನಲ್ಲಿ ಎಲ್ಲರೂ ಒಟ್ಟಿಗೆ, ಬಹಳ ವೇಗವಾಗಿ ಬಾರಿಸುತ್ತಾರೆ. ಬೇಸ್ ಎಂಬ ಆ ದಪ್ಪ ಸದ್ದು ಜಾಸ್ತಿಯಿರುವ ಹೆಡ್‌ಫೋನಿನಲ್ಲಿ ಅದೆಲ್ಲ ಬೆಂದು ಗಂಜಿಯಾಗುತ್ತದೆ. ಮಸಾಲೆ ಹೆಚ್ಚಾದ ಮೀನು ಸಾರಿನಲ್ಲಿ ಬಂಗುಡೆ ಯಾವುದು ಬೂತಾಯಿ ಯಾವುದು ಎಂದು ಗೊತ್ತಾಗದ ಹಾಗೆ. ಹಾಗಾದಾಗ ಕೇಳುವವರು ಮಾಡುವುದೇನು? ಸರಿಯಾಗಿ ಕೇಳಲೆಂದು ಇನ್ನಷ್ಟು ಜೋರು ಮಾಡುತ್ತಾರೆ. ಸಣ್ಣವನೇ, ನೀನು ಮೊದಲು ನೋಡಬೇಕಾದದ್ದು ಇದನ್ನು.

ಎರಡನೆಯದು, ಒಂದೊಂದನ್ನೂ ಪರೀಕ್ಷಿಸುವಾಗ ಅವಳು ಒಂದೇ ಹಾಡಿನ ಒಂದೇ ಜಾಗವನ್ನು ಹಾಕಿ, ಸದ್ದು ಸರಿಸಮ ಮಾಡಿಕೊಂಡು ಕೇಳುತ್ತಿದ್ದಳು. ಇಲ್ಲದಿದ್ದರೆ ಜೋರಾಗಿರುವುದೇ ಒಳ್ಳೆಯದು ಎಂದು ಮನಸ್ಸಿಗೆ ಅನ್ನಿಸುತ್ತದಂತೆ. ಅದು ನನಗೆ ತಕ್ಷಣ ಅರ್ಥವಾಯಿತು. ನನ್ನ ನಾದಿನಿ ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದಳು. ಅವಳ ಬುಟ್ಟಿಯ ಮೀನೂ ಪಕ್ಕದವಳ ಮೀನೂ ಒಂದೇ ಬೋಟಿನದು. ಆದರೂ ಜನ ಇವಳ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಇವಳ ಸ್ವರ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು.

ಕೊನೆಗೆ ಎರಡು ಉಳಿದವು. ದುಬೈಯಿಂದ ಬಂದ ಯಾರೋ ಮಾರಿಕೊಡಿ ಎಂದು ಆ ಅಂಗಡಿಯಲ್ಲಿ ಬಿಟ್ಟುಹೋದವು. ಒಂದರ ಬೆನ್ನು ಬಲೆಯ ಹಾಗೆ ತೆರೆದಿತ್ತು. ಇನ್ನೊಂದರದು ಕರಟದ ಹಾಗೆ ಮುಚ್ಚಿತ್ತು. ಶ್ವೇತಾ ನನಗೂ ಹಾಕಿ ನೋಡು ಎಂದಳು. ತುಂಬಿದ ಅಂಗಡಿಯಲ್ಲಿ, ಅಷ್ಟು ಗಂಡಸರ ಎದುರು, ತುರುಬಿನ ಮೇಲೆ ಅದನ್ನು ಏರಿಸಿಕೊಂಡು ನಿಂತ ನನ್ನ ಸ್ಥಿತಿ ನೀವೇ ಊಹಿಸಿ. ಅದು ತುರುಬಿನಿಂದ ಜಾರಿ ಹಣೆಗೆ ಬಂತು. ಅಂಗಡಿಯವ, "ಹೋಯ್, ಅಮ್ಮಂಗೆ ಕಿರೀಟ ಸಮ ಆಯ್ತ್!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನೆಲ ನೋಡಿಕೊಂಡು.

ತೆರೆದ ಬೆನ್ನಿನದು ಕೇಳಲು ಚಂದ. ಬಯಲಾಟದ ಗದ್ದೆಯಲ್ಲಿ ಕೂತ ಹಾಗೆ ಗಾಳಿಯಾಡುತ್ತದೆ. ಅಡುಗೆಮನೆಯಿಂದ ನಾನು ಕರೆದರೂ ಅವಳಿಗೆ ಕೇಳುತ್ತದೆ. ಆದರೆ ಮಳೆಯೂ ಕೇಳುತ್ತದೆ, ಬಸ್ಸೂ ಕೇಳುತ್ತದೆ. ಮತ್ತೆ ಜೋರು ಮಾಡುತ್ತಾಳೆ. ಮುಚ್ಚಿದ ಬೆನ್ನಿನದರಲ್ಲಿ ಮಳೆ, ಬಸ್ಸು ಎರಡೂ ಇಲ್ಲ. ನಾನೂ ಇಲ್ಲ. ಶ್ವೇತಾ ಪಾಪ, ನನ್ನ ಮುಖ ನೋಡಿ ತೆರೆದದ್ದನ್ನೇ ಕೈಗೆ ತೆಗೆದುಕೊಂಡಳು. "ನೀ ಕರ್ದ್ರೆ ನಂಗ್ ಕೇಣ್ಕಲ್ದಾ" ಎಂದಳು.

ನಾನು ಮುಚ್ಚಿದ್ದನ್ನು ಅವಳ ಕೈಗೆ ಕೊಟ್ಟೆ. ನನ್ನ ಕರೆ ಈಗ ಕೇಳದಿದ್ದರೆ ಎದ್ದು ಬಂದು ಭುಜ ಮುಟ್ಟುತ್ತೇನೆ. ಮುಂದೆ ಎಷ್ಟು ಕರೆದರೂ ಕೇಳದ ಕಾಲ ಬರಬಾರದು.

ಮನೆಗೆ ಬಂದು ಫೋನಿಗೆ ಸಿಕ್ಕಿಸಿದರೆ ಅದರಲ್ಲಿ ಜೀವವೇ ಇಲ್ಲ. ಫೋನನ್ನು ಕೊನೆಯವರೆಗೆ ಏರಿಸಿದರೂ ಕೀರಲು ಸ್ವರ. ಇಂಥ ಹೆಡ್‌ಫೋನಿಗೆ ಫೋನಿನ ಬಲ ಸಾಲುವುದಿಲ್ಲ, ಆಂಪ್ಲಿಫಾಯರು ಬೇಕು ಎಂದಳು ಶ್ವೇತಾ. ನನಗೆ ಸಿಟ್ಟೇ ಬಂತು. ನಾನು ಕಂಡ ಆಂಪ್ಲಿಫಾಯರೆಂದರೆ ಮದುವೆ ಮನೆಯ ಮೈಕಿನವನ ಪೆಟ್ಟಿಗೆ.

"ಸದ್ದ್ ಕಮ್ಮಿ ಮಾಡುಕೆ ಆಂಪ್ಲಿಫಾಯರಾ? ನನ್ನ್ ಮಂಗ ಮಾಡ್ತ್ಯಾ?"

ಅವಳು ಓಮು ವೋಲ್ಟು ಎಂದು ಏನೇನೋ ಹೇಳಿದಳು. ನನ್ನ ತಲೆಗೆ ಹೋಗಲಿಲ್ಲ. ಆದರೆ ರಾತ್ರಿ ಗಂಜಿ ಬಡಿಸುವಾಗ ನಿಮ್ಮ ಅಜ್ಜ ಹೇಳುತ್ತಿದ್ದ ಮಾತೊಂದು ನೆನಪಾಯಿತು. ದೊಡ್ಡ ಬೋಟಿಗೆ ಸಣ್ಣ ಇಂಜಿನು ಹಾಕಿದರೆ ಅದು ಹಗಲಿಡೀ ಕಿರುಚಿಕೊಂಡೇ ಓಡುತ್ತದೆ. ಅದೇ ಬೋಟಿಗೆ ದೊಡ್ಡ ಇಂಜಿನು ಹಾಕಿ ಅರ್ಧದಲ್ಲಿ ಬಿಟ್ಟರೆ ಗುಂಯ್‌ಗುಡುತ್ತ ಹೋಗುತ್ತದೆ. ಬಲ ಬೇರೆ, ಬೊಬ್ಬೆ ಬೇರೆ. ಇದನ್ನು ತಿಳಿದಿದ್ದ ಮನುಷ್ಯನ ಕಿವಿ, ಸಣ್ಣ ಇಂಜಿನಿನ ಬೋಟಿನಲ್ಲೇ ಹೋಯಿತು ನೋಡಿ. ಮರುದಿನ, "ಆತ್, ಹೋಪ" ಎಂದೆ.

ಬ್ರಹ್ಮಾವರದಲ್ಲಿ ಒಬ್ಬ ರೇಡಿಯೋ ರಿಪೇರಿಯವ ಇದ್ದ. ಮೊದಲು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವ, ಈಗ ಹೇಳಿದರೆ ಸಣ್ಣ ಆಂಪ್ಲಿಫಾಯರು ಮಾಡಿಕೊಡುತ್ತಿದ್ದ. ಬಸ್ಸಿನ ಟಿಕೇಟಿನಷ್ಟು ಸಣ್ಣ ಚೀಟಿಯಲ್ಲಿ ಶ್ವೇತಾ ಏನೋ ಬರೆದುಕೊಟ್ಟಳು. ಅವ ತಲೆಯಾಡಿಸಿದ. ಮುಂದಿನ ವಾರ ಹೋದಾಗ ಪೆಟ್ಟಿಗೆ ಸಿದ್ಧವಾಗಿತ್ತು.

"ಕಾಂಬುಕೆ ಮಾತ್ರ ಸಣ್ಣದ್ ಅಮ್ಮ," ಎಂದ ಅವ ಹೆಮ್ಮೆಯಿಂದ. "ಪೂರ್ತಿ ತಿರ್ಗ್ಸಿರೆ ಇದ್ರಲ್ಲಿ ಒಂದ್ ಮದಿ ಮನಿ ಸುಧಾರ್ಸ್ಲಕ್ಕ್."

ಅಂಗಡಿಗಳಲ್ಲಿ ನಾನು ಬಾಯಿ ತೆರೆಯುವವಳಲ್ಲ. ಕೊಟ್ಟ ಸೀರೆಯ ಬಣ್ಣ ಬೇರೆಯಾದರೂ ಸುಮ್ಮನೆ ತರುವವಳು. ಅಂದು ನನ್ನ ಬಾಯಿಂದ ಮಾತು ಹೇಗೆ ಹೊರಟಿತೋ ಗೊತ್ತಿಲ್ಲ.

"ಪೂರ್ತಿ ತಿರ್ಗ್ಸಿರೂ ಜೋರ್ ಆಗ್ದಾಂಗೆ ಮಾಡುಕ್ ಆತ್ತಾ?"

ಅವ ನನ್ನನ್ನೇ ನೋಡಿದ. ಶ್ವೇತಾ ಅವನಿಗಿಂತ ಹೆಚ್ಚು ನೋಡಿದಳು.

"ಇಷ್ಟ್ ವರ್ಷದಲ್ಲಿ ಇಲ್ಲಿಗ್ ಬಂದವ್ರೆಲ್ಲ ಜೋರ್ ಮಾಡಿ ಅಂಬವ್ರೇ," ಎಂದ ಅವ. "ಕಮ್ಮಿ ಮಾಡಿ ಅಂದವ್ರ್ ನೀವೇ ಸುರು."

ಅವಳು ಮುನಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, "ಮಾಡಿ" ಎಂದಳು. ಅವನು ಒಳಗೆ ಏನೋ ಒಂದು ಸಣ್ಣ ತುಂಡು ಬೆಸುಗೆ ಹಾಕಿದ. ಈಗ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಸದ್ದು ಒಂದು ಅಳತೆಯಲ್ಲೇ ನಿಲ್ಲುತ್ತಿತ್ತು. ಶ್ವೇತಾ ಹಾಕಿ ಕೇಳಿದಳು. ಕಣ್ಣು ಮುಚ್ಚಿದಳು. ತಲೆ ಅಲುಗಲು ಶುರುವಾಯಿತು. "ಎಲ್ಲ ಬ್ಯಾರೆ ಬ್ಯಾರೆ ಕೇಂತ್" ಎಂದಳು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ಸ್ವರದ ಅಂದಾಜು ಇರುವುದಿಲ್ಲವಲ್ಲ, ಇಡೀ ಪೇಟೆಗೆ ಕೇಳುವ ಹಾಗೆ ಹೇಳಿದಳು.

ಮಳೆಗಾಲ ಪೂರ್ತಿ ನಾನು ಅವಳ ಕಿವಿಯನ್ನೇ ಕಾದೆ. ಪಾತ್ರೆ ಬೇಕೆಂದೇ ಕೆಳಗೆ ಬೀಳಿಸಿ ತಿರುಗುತ್ತಾಳೋ ನೋಡಿದೆ. ಹೆಡ್‌ಫೋನು ತೆಗೆದಾಗ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದೆ. "ಕುಂಯ್ ಅಂತಾ?" ಎಂದು ಕೇಳಿ ಕೇಳಿ ಅವಳು ನನಗೇ ಕುಂಯ್ ಅಮ್ಮಮ್ಮ ಎಂದು ಹೆಸರಿಟ್ಟಳು. ಕುಂಯ್ ಎನ್ನುವುದು ನಿಂತಿದೆ ಎಂದು ಅವಳು ಹೇಳಿದರೂ ನಾನು ನಂಬಲಿಲ್ಲ. ನಿಮ್ಮ ಅಜ್ಜನೂ ಹಾಗೇ ಹೇಳುತ್ತಿದ್ದರು.

ಮಳೆ ಕಳೆಯಿತು. ಮತ್ತೆ ಅದೇ ಬೆಂಚು, ಅದೇ ಗಾಜಿನ ಕೋಣೆ. ಡಾಕ್ಟರು ಹೊರಗೆ ಬಂದು, "ಏನೂ ತೊಂದರೆ ಇಲ್ಲ ಅಮ್ಮ. ಮೊದಲಿನ ಹಾಗೇ ಇದೆ, ಒಳ್ಳೆಯ ಕಿವಿ" ಎಂದರು. ಗಾಳಿ ಎದ್ದ ದಿನ ಬೋಟು ಅಳಿವೆಯ ಅಲೆ ದಾಟಿ ಒಳಗೆ ಬಂದದ್ದನ್ನು ದಡದಲ್ಲಿ ನಿಂತು ಕಂಡವರಿಗೆ ಮಾತ್ರ ಆಗ ನನಗೆ ಆದದ್ದು ಏನೆಂದು ಗೊತ್ತು. ಒಂದು ಲೋಟ ನೀರು ಕುಡಿದೆ. ಇನ್ನೊಂದು ಲೋಟವನ್ನೂ ಕುಡಿದೆ.

ಆಗ ಶ್ವೇತಾ, "ಡಾಕ್ಟ್ರೇ, ಅಮ್ಮಮ್ಮಂದೂ ಒಂದ್ ಸಲ ಕಾಣಿ" ಎಂದು ನನ್ನನ್ನು ಒಳಗೆ ತಳ್ಳಿದಳು. ಕೀಂ ಎಂಬ ಸದ್ದು ಕೇಳಿದಾಗಲೆಲ್ಲ ಒಂದು ಗುಂಡಿ ಒತ್ತಬೇಕು. ಕೆಲವು ಕೇಳಿದವೋ ಇಲ್ಲವೋ ಎಂಬ ಅನುಮಾನ. ಸುಮ್ಮನೆ ಒತ್ತಿ ಅವರಿಗೆ ಯಾಕೆ ತೊಂದರೆ ಎಂದು ಬಿಟ್ಟೆ. ಹೊರಗೆ ಬಂದಾಗ ಡಾಕ್ಟರು ನಕ್ಕು, "ನಿಮ್ಮ ಕಿವಿ ಸ್ವಲ್ಪ ಮಂದವಾಗಿದೆ ಅಮ್ಮ. ಪ್ರಾಯ ಆಯಿತಲ್ಲ" ಎಂದರು.

ಶ್ವೇತಾಳ ಮುಖ ಸಣ್ಣದಾಯಿತು. ನಾನು ಮಾತ್ರ ನಕ್ಕುಬಿಟ್ಟೆ, ಜೋರಾಗಿ, ಆ ಡಾಕ್ಟರ ಕೋಣೆಯಲ್ಲಿ. ಕಿವುಡು ಬರಬೇಕಾದವರ ಹತ್ತಿರವೇ, ಬರಬೇಕಾದ ಪ್ರಾಯದಲ್ಲೇ ಬಂದಿತ್ತು. ಇಪ್ಪತ್ತರ ಹುಡುಗಿಯ ಮನೆ ಬಿಟ್ಟು ಅಜ್ಜಿಯ ಮನೆಗೆ ವಿಳಾಸ ಸರಿಯಾಗಿ ಓದಿಕೊಂಡು ಬಂದ ಅತಿಥಿಯ ಮೇಲೆ ಸಿಟ್ಟು ಮಾಡಲು ಆಗುತ್ತದೆಯೇ?

ಬೈಂದೂರಿಗೆ ಮರಳುವ ಬಸ್ಸಿನಲ್ಲಿ ಅವಳು ಹೆಡ್‌ಫೋನು ಹಾಕಲೇ ಇಲ್ಲ. ಕೊರಳಲ್ಲಿ ನೇತುಹಾಕಿಕೊಂಡು, ನಾನು ಮಳೆಗಾಲವಿಡೀ ಅವಳನ್ನು ನೋಡಿದ ಹಾಗೆಯೇ ನನ್ನನ್ನು ನೋಡುತ್ತ ಕೂತಳು. ಚಿಂತೆ ಕೈ ಬದಲಾಯಿಸಿತ್ತು. ನಾನು ಹಗುರವಾಗಿ ಕಿಟಕಿಗೆ ಒರಗಿದೆ. ತ್ರಾಸಿ ದಾಟುವಾಗ ಅವಳು ನನ್ನ ಕಿವಿಯ ಹತ್ತಿರ ಬಂದು, "ಹೆದ್ರ್ಬೇಡ ಅಮ್ಮಮ್ಮ, ನಾನ್ ಇದ್ದೆ" ಎಂದಳು.

"ಹಾಂ?" ಎಂದೆ. ಇನ್ನೊಮ್ಮೆ ಹೇಳಿದಳು. ಮತ್ತೆ "ಹಾಂ?" ಎಂದೆ. ಮೊದಲನೆಯ ಸಲ ಬಸ್ಸಿನ ಸದ್ದಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಎರಡನೆಯ ಸಲ ಚೆನ್ನಾಗಿಯೇ ಕೇಳಿಸಿತ್ತು.