ಓಗೊಡದೆ ಕೂತ ಸಂಜೆ

ಮಕ್ಕಳೇ, ಕರೆಂಟು ಹೋದ ಕೂಡಲೇ ನಾನು ಅಡುಗೆಮನೆಯಿಂದ "ಓ, ಇಲ್ಲೇ ಇದ್ದೀನಿ" ಎಂದು ಕೂಗಿದರೆ ನೀವು ನಗುತ್ತೀರಿ. ಯಾರೂ ಕರೆಯದೆ ಅಜ್ಜಿ ಓಗೊಡುತ್ತಾಳೆ ಅಂತ. ನಿಮ್ಮ ಅಪ್ಪ ಇನ್ನೂ ಮಗ್ಗಿ ಕಲಿಯುತ್ತಿದ್ದ ಕಾಲದಲ್ಲಿ, ಒಂದು ಯುಗಾದಿಯ ಮಾರನೆಯ ದಿನ ಅಂಟಿದ ಅಭ್ಯಾಸ ಅದು.

ಹೊಸತೊಡಕಿನ ಆ ದಿನ ನಮ್ಮೂರ ಗಂಡಸರು ತೊಣ್ಣೂರಿನಾಚೆಯ ಕುರುಚಲು ಗುಡ್ಡಕ್ಕೆ ಮೊಲದ ಬೇಟೆಗೆ ಹೋಗುತ್ತಿದ್ದರು. ಈಗ ಹೋದರೆ ಹಿಡಿದು ಜೈಲಿಗೆ ಹಾಕುತ್ತಾರೆ. ಬಲೆ ತಂದ ಮನೆಗೆ ಒಂದು ಪಾಲು ಹೆಚ್ಚು; ಆದರೆ ಬಲೆಯ ಹತ್ತಿರ ಆ ಮನೆಯವರೊಬ್ಬರು ಕೂರಲೇಬೇಕು. ಆ ವರ್ಷ ನಿಮ್ಮ ತಾತನ ಕಾಲಿಗೆ ಕಡಿದ ಕಬ್ಬಿನ ಕೂಳೆ ಚುಚ್ಚಿ ಊದಿಕೊಂಡಿತ್ತು.

"ಸುಮ್ನೆ ಕೂತ್ಕಳಾದು ಅಷ್ಟೇಯ. ಅದ್ನ ನಿಂಗೆ ಯೇಳ್ಕೊಡ್ಬೇಕಾ?" ಎಂದು ತಾತ ನನ್ನನ್ನೇ ಕಳಿಸಿದರು.

ನಿಜ, ನಾನು ಮಾತಾಡುತ್ತಿದ್ದದ್ದೇ ಕಡಿಮೆ. ಅದರಲ್ಲೂ ಅವರ ಅಣ್ಣ, ಅಂದರೆ ನನ್ನ ಭಾವನವರ ಎದುರು ಒಂದು ದಿನವೂ ದನಿ ತೆಗೆದವಳಲ್ಲ. ಅವರು ಜಗಲಿಯಲ್ಲಿದ್ದರೆ ಹಿತ್ತಿಲ ಬಾಗಿಲಿಂದ ಮನೆ ಸೇರುತ್ತಿದ್ದೆ. ಬೇಟೆಗೆ ಯಜಮಾನರು ಅವರೇ, ಬಲೆಯ ಹತ್ತಿರ ಕೂರುವಂತಿಲ್ಲ.

ಗುಡ್ಡದ ಬುಡದಲ್ಲಿ ನನ್ನನ್ನು ಕಂಡು ಒಬ್ಬ, "ಇದೇನ್ಲಾ, ಮೊಲ ಇಡಿಯಕ್ಕೆ ಮೊಲನೇ ಕರ್ಕಬಂದವ್ರೆ!" ಎಂದ. ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಪೊದೆಗಳ ನಡುವೆ ಬಲೆ ಕಟ್ಟಿಸಿ, ನನ್ನ ಕಡೆ ನೋಡದೆ ಗಾಳಿಗೆ ಹೇಳುವವರಂತೆ ಹೇಳಿದರು: "ಕೆಮ್ಮಂಗಿಲ್ಲ, ಏಳಂಗಿಲ್ಲ. ಮುಗುದ್ಮೇಲೆ ಬಲೆ ಸುತ್ರಪ್ಪೋ ಅಂತ ಕೂಗ್ತೀನಿ. ಓ ಅಂದೋರ್ತಾವ್ಕೆ ಬಂದು ಕರ್ಕೊಂಡೋಯ್ತೀವಿ."

ಅವರು ಮೊಲ ಎಬ್ಬಿಸಲು ಗುಡ್ಡ ಬಳಸಿ ಹೋದರು. ತಗಡು ಬಡಿಯುವ ಸದ್ದು ದೂರವಾಯಿತು. ಹೊತ್ತು ಮುಳುಗಿ, ಪಾಂಡವಪುರದ ಫ್ಯಾಕ್ಟರಿ ದೀಪಗಳು ಹತ್ತಿಕೊಂಡವು. ಹಿಂದಿನ ವಾರವಷ್ಟೇ ಇದೇ ಗುಡ್ಡದ ಹಟ್ಟಿಯಿಂದ ಚಿರತೆ ಕುರಿ ಎಳೆದೊಯ್ದಿತ್ತು. ಒಣಗಿದೆಲೆ ಸರಿದರೂ ಆ ಕಡೆ ತಿರುಗಿ ನೋಡುತ್ತಿದ್ದೆ. ಕೆಮ್ಮು ಬಾರದಿರಲೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಪಕ್ಕದಲ್ಲಿ ಏನೋ ಉಸಿರಾಡುತ್ತಿದೆ ಅನ್ನಿಸಿತು. ನನ್ನ ಉಸಿರೇ.

ಮೇಲಿನಿಂದ "ಚಂದ್ರ ಕಂಡ!" ಎಂದು ಗದ್ದಲವೆದ್ದಿತು. ಚಂದ್ರನನ್ನು ನೋಡಿದ ಮೇಲೆ ಮನೆಗೆ ಹೋಗಿ ಹಿರಿಯರ ಕಾಲಿಗೆ ಬೀಳಬೇಕು, ಎಲ್ಲರಿಗೂ ಅವಸರ.

"ಬಲೆ ಸುತ್ರಪ್ಪೋ!" ಭಾವನ ಕೂಗು.

ಅಲ್ಲೊಂದು "ಓ", ಇಲ್ಲೊಂದು "ಓ". ನಾನೂ ಬಾಯಿ ತೆರೆದೆ. ಭಾವನಿಗೆ ಎದುರು ಕೂಗುವುದೇ? ದನಿ ಹೊರಡಲಿಲ್ಲ. ಗಂಟಲು ಸರಿಪಡಿಸಿಕೊಂಡೆ, ಬಳೆ ಅಲ್ಲಾಡಿಸಿದೆ.

"ಇನ್ಯಾರ್ಲಾ ಉಳ್ದೋರು?"

"ಯಾರೂ ಇಲ್ಲ ಕಣಣ್ಣೋ. ಆಯಮ್ಮ ಬೆಳಕಿದ್ದಂಗೇ ಮನೆಗೆ ವೋಗ್ಬುಟ್ಟದೆ!"

ನಗು, ಮಾತು, ಎಲ್ಲವೂ ಗುಡ್ಡದ ಆಚೆ ಬದಿಗೆ ಇಳಿದವು. ಆಗಲೂ ಕೂಗಬಹುದಿತ್ತು. ಕೂಗಲಿಲ್ಲ.

ಎಳೆಯ ಚಂದ್ರ ಮುಳುಗಿದ. ನನ್ನ ಕೈಯೇ ನನಗೆ ಕಾಣದು. ಎದ್ದರೆ ದಾರಿ ಯಾವುದು? ಕೆಳಗೆ ಕಟ್ಟೆಯಿಲ್ಲದ ಬಾವಿಯಿತ್ತು. ಅಷ್ಟರಲ್ಲಿ ಮೇಲಿಂದ ಒಂದು ಕಲ್ಲು ಉರುಳಿತು. ಮತ್ತೊಂದು. ಬಲೆಯ ಗೂಟ ಕಿತ್ತು ಬರುವಂತೆ ಏನೋ ಎಳೆಯಿತು.

"ಓ!"

ಯಾರು ಕೂಗಿದರೆಂದು ನನಗೇ ತಿಳಿಯಲಿಲ್ಲ. ಒಮ್ಮೆ ಹೊರಟದ್ದು ನಿಲ್ಲಲಿಲ್ಲ. "ಓ! ಬಾವಾ, ಓ!"

ಕೆಳಗೆಲ್ಲೋ ನಾಯಿ ಬೊಗಳಿತು. ಆಮೇಲೆ ಬ್ಯಾಟರಿ ಬೆಳಕು. ನಾನು ಮನೆಯಲ್ಲಿಲ್ಲವೆಂದು ತಿಳಿದು ಭಾವ ಒಬ್ಬರೇ ಓಡಿ ಬಂದಿದ್ದರು, ಹೆಗಲ ಟವೆಲ್ಲು ಎಲ್ಲೋ ಬಿದ್ದುಹೋಗಿತ್ತು.

"ಯಾಕವ್ವಾ, ಮೊದ್ಲೇ ಓ ಅನ್ನಕ್ಕೆ ಏನಾಗಿತ್ತು?"

"ನೀವಿದ್ರಲ್ಲ, ಬಾವ."

ಅವರು ಟಾರ್ಚು ತಿರುಗಿಸಿದರು. ಬೆಳಕು ಬಿಟ್ಟು ಬಲೆ ನೋಡಿದರು. ಆಳು ನುಸುಳುವಷ್ಟು ಹರಿದಿತ್ತು. ಏನು ಹರಿದದ್ದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಲೆಯನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ಹಿಂತಿರುಗಿ ನೋಡದೆ ತಿರುವು ತಿರುವಿಗೂ ಕೇಳುತ್ತಿದ್ದರು:

"ಅವ್ವಾ?"

"ಓ."

"ಬಂದ್ಯಾ?"

"ಓ, ಬಂದೆ."

ಊರ ಬೀದಿದೀಪ ಕಂಡ ಮೇಲೆ ಅವರು ಕರೆಯುವುದನ್ನು ನಿಲ್ಲಿಸಿದರು. ನಾನು ಸೆರಗು ಹೊದ್ದು ಹಿತ್ತಿಲ ಬಾಗಿಲಿಗೆ ಹೋದೆ.

ಮಾರನೆಯ ಬೆಳಿಗ್ಗೆ ಜಗಲಿಯಿಂದ "ಅವ್ವಾ" ಎಂಬ ದನಿ ಬಂತು. ಒಳಗಿಂದ "ಓ" ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ, ನಿಮ್ಮ ತಾತ ಊದಿದ ಕಾಲನ್ನೂ ಮರೆತು ಎದ್ದು ಕೂತರು.