ಒಂಬತ್ತು ದಿನ ಕಮ್ಮಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಎಚ್.ಆರ್. ಕೋಣೆಯ ಗಡಿಯಾರ ಅಷ್ಟು ತೋರಿಸುತ್ತಿತ್ತು ಎನ್ನುವುದೊಂದೇ ನನಗೆ ಸ್ಪಷ್ಟವಾಗಿ ನೆನಪಿದೆ. ಉಳಿದದ್ದೆಲ್ಲ ಕಲಸಿಹೋಗಿದೆ. ಮೊನ್ನೆ ಪುಣೆಯ ಕೋಥರೂಡದ ನಮ್ಮ ಮನೆಯಲ್ಲಿ ಕುಕ್ಕರ್‌ಗೆ ಹೊಸ ಗ್ಯಾಸ್ಕೆಟ್ ಹಾಕುವಾಗ ರಬ್ಬರಿನ ವಾಸನೆ ಮೂಗಿಗೆ ಬಡಿದು ಕೈ ಅಲ್ಲೇ ನಿಂತಿತು... ಅಕ್ಕನ ಬೆರಳುಗಳಿಗೂ ಯಾವಾಗಲೂ ಇದೇ ವಾಸನೆ.

ಬ್ರೇಕಿನ ರಬ್ಬರ್ ಸೀಲ್ ಮಾಡುವ ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಬ್ಬರೂ ಇದ್ದೆವು. ನಾನು ಮಂಡ್ಯದಲ್ಲಿ ಬಿ.ಕಾಂ. ಮುಗಿಸಿ ಬಂದು ಎಚ್.ಆರ್. ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ನಾನು ಅಕ್ಕ ಎಂದು ಕರೆಯುತ್ತಿದ್ದ ಆಕೆ ಬೆಳಗಾವಿ ಕಡೆಯವರು, ತಯಾರಾದ ಸೀಲುಗಳನ್ನು ತಪಾಸಣೆ ಮಾಡುತ್ತಿದ್ದರು. ನನ್ನ ಮಾತು ಕೇಳಿದರೆ ಅವರಿಗೆ ನಗು. "ನಿಂದು ಭಾಳ ನಾಜೂಕು ಕನ್ನಡ ಬಿಡವಾ, ಊಟಕ್ಕ ಕರದ್ರ ಅರ್ಜಿ ಓದಿಧಂಗ ಆಗತದ."

ಒಟ್ಟಿಗೆ ತಯಾರಾಗಿ ಬಂದ ಒಂದು ಲಾಟಿನ ಸೀಲುಗಳನ್ನು ಹಿಂಡಿ ನೋಡಿ, ರಬ್ಬರ್ ಸರಿಯಿಲ್ಲವೆಂದು ಆಕೆ ಪಾಸ್ ಮೊಹರು ಹಾಕಲಿಲ್ಲ. ಮೇಲಿನವರು ಎರಡು ಸಲ ಹೇಳಿದರೂ ಹಾಕಲಿಲ್ಲ. ನಾಲ್ಕನೇ ದಿನ, ಮೂರು ಹತ್ತಕ್ಕೆ, ಕರೆಸಿದರು. ಪತ್ರ ಇಂಗ್ಲಿಷಿನಲ್ಲಿತ್ತು. ಅವರ ಭಾಷೆಯಲ್ಲಿ ಹೇಳು ಎಂದು ಮ್ಯಾನೇಜರ್ ಅದನ್ನು ನನ್ನ ಕಡೆ ತಳ್ಳಿದರು.

"ಒಂದು ತಿಂಗಳ ನೋಟಿಸ್ ಅಕ್ಕ. ಕೆಲಸಕ್ಕೆ ಬರೋದು ಬೇಡ, ಆ ತಿಂಗಳ ಸಂಬಳ ಕೊಡ್ತಾರಂತೆ."

"ನಾ ಬಂದ ದುಡೀತೀನಿ ಅಂದ್ರ? ಮನ್ಯಾಗ ಕುಂತ್ರ ಆ ತಿಂಗಳಾ ಸರ್ವಿಸ್‌ನ್ಯಾಗ ಹಿಡೀತಾರೇನು?"

ಮ್ಯಾನೇಜರ್‌ಗೆ ಕೇಳಿದೆ. ಎರಡೂ ಒಂದೇ ಎಂದು ಕೈ ಬೀಸಿದರು. ಹಾಗೆಯೇ ಹೇಳಿದೆ. ಸೇವೆ ಇವತ್ತಿಗೇ ಮುಗಿಯಿತು ಎಂಬ ಸಾಲು ಪತ್ರದಲ್ಲಿತ್ತು. ಓದಿದ್ದೆ. ಯಾಕೆ ಹೇಳಲಿಲ್ಲ? ಸಂಬಳ ಬರುತ್ತಲ್ಲ ಎಂದುಕೊಂಡೆನೋ, ಹೆದರಿಕೆಯೋ... ಆಕೆ ಸಹಿ ಹಾಕಿದರು. ಕೆಳಗೆ, ಸಾಕ್ಷಿಯ ಜಾಗದಲ್ಲಿ, ನಾನು.

ಆ ಲಾಟಿಗೆ ಬೇರೆ ಯಾರೋ ಮೊಹರು ಹಾಕಿದರು. ಚಾಂದನಿ ಚೌಕದ ಇಳಿಜಾರಿನಲ್ಲಿ ಈಗಲೂ ಸ್ಕೂಟರಿನ ಬ್ರೇಕ್ ಎರಡೆರಡು ಸಲ ಒತ್ತಿ ನೋಡುತ್ತೇನೆ.

ವಾರದ ಮೇಲೆ ಅಕ್ಕ ನನ್ನನ್ನೂ ಕರೆದುಕೊಂಡು ವಕೀಲರ ಬಳಿ ಹೋದರು. ಅಡುಗೆಮನೆಯ ಕ್ಯಾಲೆಂಡರ್ ಸುತ್ತಿಕೊಂಡು ತಂದಿದ್ದರು. ಹಾಲು ಹಾಕಿಸಿಕೊಂಡ ದಿನಕ್ಕೆ ಗೀಟು, ಕೆಲಸಕ್ಕೆ ಹೋದ ದಿನಕ್ಕೆ ಕೆಂಪು ಚುಕ್ಕೆ. ವಕೀಲರು ಚುಕ್ಕೆ ಎಣಿಸಿದರು: ಇನ್ನೂರ ಮೂವತ್ತೊಂದು. ಅನ್ಯಾಯವಾಗಿ ತೆಗೆದರು ಎಂದು ಕೇಳಲು ವರ್ಷದಲ್ಲಿ ಇನ್ನೂರ ನಲವತ್ತು ದಿನ ದುಡಿದಿರಬೇಕಂತೆ. ನೋಟಿಸಿನ ತಿಂಗಳು ದುಡಿದಿದ್ದರೆ ದಾಟಿಬಿಡುತ್ತಿತ್ತು. ಸಂಬಳಕ್ಕೆ ಒಪ್ಪಿ ಮನೆಗೆ ಹೋದದ್ದರಿಂದ ಲೆಕ್ಕ ಅಲ್ಲಿಗೇ ನಿಂತಿತು. ಇನ್ನೊಬ್ಬ ವಕೀಲರು ಬೇರೆಯೇ ಹೇಳಿದರು: ಸಂಬಳ ಸಿಗುವ ಭಾನುವಾರದ ರಜೆಗಳನ್ನೂ ಸೇರಿಸಿ ವಾದಿಸಬಹುದು, ಆದರೆ ದಾರಿ ತಪ್ಪಿಸಿ ಸಹಿ ತೆಗೆದುಕೊಂಡರು ಎನ್ನಲು ಸಾಕ್ಷಿ ಬೇಕು.

ಅವತ್ತು ಎಚ್.ಆರ್. ಕೋಣೆಯಲ್ಲಿದ್ದವರು ಮೂವರೇ: ಮ್ಯಾನೇಜರ್, ಅಕ್ಕ, ನಾನು. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

"ಆಕಿನ್ನ ಬಿಡ್ರಿ ಸಾಹೇಬ್ರ. ಆಕೀದರ ನೌಕರಿ ಇರಲಿ."

ಸಾಕ್ಷಿಗೆ ನಾನು ಬರ್ತೀನಿ ಎನ್ನಬೇಕಿತ್ತು. ಮೇಜಿನ ಮೇಲಿದ್ದ ಕ್ಯಾಲೆಂಡರ್ ಸುತ್ತಿ ಅಕ್ಕನ ಕೈಗೆ ಕೊಟ್ಟೆ.

ಆಕೆ ದಾವೆ ಹಾಕಲಿಲ್ಲ. ಮನೆ ಖಾಲಿ ಮಾಡಿ ಬೆಳಗಾವಿಗೆ ಹೊರಟಾಗ ಬಸ್ ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ, "ನಿನ್ನ ಕುಕ್ಕರಿಗೆ ಗ್ಯಾಸ್ಕೆಟ್ ತರೂ ಮುಂದ ಹಿಂಡಿ ನೋಡಿ ತಗೊ, ಸುಮ್ಮ ಕೊಟ್ಟಿದ್ದ ತರಬ್ಯಾಡ," ಎಂದರು. ಅಷ್ಟೇ.

ಅವರ ಫೋನ್ ನಂಬರಿನಲ್ಲಿ ಈಗ ಯಾರೋ ಮರಾಠಿಯಲ್ಲಿ ಮಾತಾಡುತ್ತಾರೆ. ಆ ಒಂಬತ್ತು ದಿನಗಳನ್ನು ನಾನು ಇನ್ನೂ ಎಣಿಸುತ್ತೇನೆ. ಒಮ್ಮೆ ಸಿಗುತ್ತವೆ, ಒಮ್ಮೆ ಸಿಗುವುದಿಲ್ಲ. ಮೊನ್ನೆ ಗ್ಯಾಸ್ಕೆಟ್ ಹಿಂಡಿ ನೋಡಿಯೇ ತಂದೆ. ಒಂದು ಮಾತು ಮಾತ್ರ ಯಾರಿಗೂ ಹೇಳಿಲ್ಲ. ಮೂರು ಹತ್ತರ ಆ ದಿನದಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಬೆಳಗಿನವರೆಗೆ ಒಂದು ಸಲವೂ ಎಚ್ಚರವಾಗದೆ ಮಲಗಿದ್ದು ಅಕ್ಕನ ಬಸ್ಸು ಹೋದ ರಾತ್ರಿಯೇ ಮೊದಲು.