ಭತ್ತದ ಔಷಧಿ, ಯಜಮಾನರ ಮೂಗು

ಹರಿಹರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಇಂಗ್ಲಿಷು ಉಪಯೋಗಕ್ಕೆ ಬಂದದ್ದು ಒಂದೇ ಕೆಲಸಕ್ಕೆ. ಭಾನುವಳ್ಳಿಯ ಗದ್ದೆಗೆ ಹೊಡೆಯುವ ಔಷಧಿಯ ಡಬ್ಬಿ ಬಂತೆಂದರೆ ಪಡಸಾಲೆಗೆ ಕರೆಸಿ ಲೇಬಲ್ ಓದಿಸುತ್ತಿದ್ದರು. ದಾವಣಗೆರೆಯ ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಕೊಟ್ಟ ಉಚ್ಚಾರದಲ್ಲಿ "ವೇರ್ ಗ್ಲವ್ಸ್, ಡು ನಾಟ್ ಇನ್‌ಹೇಲ್" ಎಂದು ಎಲೊಕ್ಯೂಷನ್ ಕಾಂಪಿಟಿಷನ್ ಥರ ಓದುತ್ತಿದ್ದೆ.

"ಎಷ್ಟ್ ಚಂದ ಓದ್ತಾಳ್ರಿ!" ಎನ್ನುತ್ತಿದ್ದರು ಮಾವನವರು. ಅರ್ಥ ಹೇಳು ಎಂದವರಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಫಸ್ಟ್ ಪ್ರೈಜ್ ಸಿಕ್ಕಿತ್ತಲ್ಲ, ಸಾಕಾಗಿತ್ತು.

ಆಮೇಲೆ ನಮ್ಮ ಯಜಮಾನರು ಗದ್ದೆಗೆ ಹೋಗಿ, ತೋಳೇರಿಸಿ, ಬಕೀಟಿನಲ್ಲಿದ್ದ ಔಷಧಿಯನ್ನು ಮಜ್ಜಿಗೆಗೆ ಉಪ್ಪು ಬೆರೆಸುವವರಂತೆ ಬರಿಗೈಯಲ್ಲೇ ಕಲಸುತ್ತಿದ್ದರು. ಬೆನ್ನಿಗೆ ಪಂಪು, ಬಾಯಲ್ಲಿ ಎಲೆ ಅಡಿಕೆ. ಮೂಗಿಗೆ ಬಟ್ಟೆ ಕಟ್ಟಿದ ಆಳನ್ನು ಕಂಡರೆ, "ಏನೋ, ಮದುಮಗಳ ಥರ ಮುಖ ಮುಚ್ಕಂಡೀಯ?" ಎಂಬ ಗೇಲಿ. ವರ್ಷಗಳು ಕಳೆದ ಮೇಲೆ ಹೊಸದೊಂದು ಜಂಬ ಸೇರಿತು: "ನಂಗೆ ವಾಸ್ನೇನೇ ಬರಲ್ಲ. ಮೈಗೆ ಹತ್ತಿಬಿಟ್ಟೈತೆ."

ಎರಡು ವರ್ಷದ ಹಿಂದೆ ಅವರ ಬಲಗೈ ನಡುಗತೊಡಗಿತು. ಹೆಜ್ಜೆ ಗಿಡ್ಡವಾಯಿತು. ದಾವಣಗೆರೆಯ ನರರೋಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ.

"ಇಷ್ಟು ದಿನ ಯಾವ ಔಷಧಿ ಬಳಸ್ತಿದ್ರಿ?" ಎಂದು ಆಕೆ ಕೇಳಿದರು.

"ಕಾಂಡ ಕೊರಿಯೋ ಹುಳಕ್ಕೊಂದು, ಕಳೆಗೊಂದು, ಬೆಂಕಿರೋಗಕ್ಕೊಂದು..." ಯಜಮಾನರು ಎಣಿಸತೊಡಗಿದರು.

"ನಿಮಗೇನ್ರಿ, ಭತ್ತಕ್ಕಲ್ಲ!" ಆಕೆ ನಕ್ಕರು. ತಕ್ಷಣ ನಗು ನಿಲ್ಲಿಸಿ, "ಕೈಯಲ್ಲೇ ಕಲಸ್ತಿದ್ರಾ?" ಎಂದರು.

ಪಾರ್ಕಿನ್ಸನ್ಸ್. ಮಿದುಳಿನ ಆಳದಲ್ಲಿ ಒಂದಿಷ್ಟು ಕಪ್ಪು ಕೋಶಗಳಿವೆಯಂತೆ. ಡೋಪಮೀನ್ ಎಂಬ ರಾಸಾಯನಿಕ ತಯಾರಿಸಿ ಕೈಕಾಲು ಸರಾಗವಾಗಿ ಆಡಿಸುವುದು ಅವುಗಳ ಡ್ಯೂಟಿ. ಒಂದೊಂದಕ್ಕೂ ಲೆಕ್ಕವಿಲ್ಲದಷ್ಟು ಕವಲು. ಯಾರೂ ಕರೆಯದಿದ್ದರೂ ಹಗಲೂ ರಾತ್ರಿ ತಾವೇ ಮಿಡಿಯುತ್ತಿರುವುದರಿಂದ ಶಕ್ತಿ ಯಾವಾಗಲೂ ಅಷ್ಟಕ್ಕಷ್ಟೆ. ತಾವೇ ಮಾಡಿದ ಡೋಪಮೀನು ಕೆಟ್ಟರೆ ತಮ್ಮನ್ನೇ ಸುಡುತ್ತದೆ. ಹೊರಗೆ ಬಿಟ್ಟ ಡೋಪಮೀನನ್ನು ವಾಪಸು ಸೇರಿಸಿಕೊಳ್ಳಲು ಒಂದು ಬಾಗಿಲಿದೆ. ಕೆಲವು ವಿಷಗಳು ಅದರದೇ ವೇಷ ಹಾಕಿಕೊಂಡು ಅಲ್ಲಿಂದಲೇ ನುಗ್ಗಿ, ಕೋಶಕ್ಕೆ ಶಕ್ತಿ ಕೊಡುವ ಒಲೆಯನ್ನೇ ಆರಿಸುತ್ತವೆ. ಬೇರೆ ಕೋಶಗಳು ತಾಳಿಕೊಳ್ಳುವ ಏಟಿಗೇ ಇವು ಸಾಯುತ್ತವೆ.

ರಜೆಯಿಲ್ಲದ ದುಡಿಮೆ, ಊರಗಲ ಹರಡಿದ ಜವಾಬ್ದಾರಿ, ಬಂದವರಿಗೆಲ್ಲ ಬಾಗಿಲು. ನಮ್ಮ ಮನೆಯ ಹಿರಿಸೊಸೆಯ ಬಯೋಡೇಟಾ ಕೇಳಿದಂತಾಯಿತು. ಕೂತಲ್ಲಿಗೇ ನೀರು ತರಿಸಿಕೊಂಡ ಯಜಮಾನರ ತಲೆಯೊಳಗೂ ಇಂಥ ಸೊಸೆಯರು ದುಡಿಯುತ್ತಿದ್ದರಲ್ಲ, ಪಾಪ!

"ಇವರಿಗೆ ಅದರಿಂದಲೇ ಬಂತು ಅಂತ ಹೇಳಕ್ಕಾಗಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಹೊಡೆಯೋರಿಗೆ ರಿಸ್ಕ್ ಜಾಸ್ತಿ. ನಡುಕ ಬರೋಕೆ ಎಷ್ಟೋ ವರ್ಷ ಮೊದಲೇ ಕೆಲವರಿಗೆ ವಾಸನೆ ಹೋಗುತ್ತೆ."

ಈಗ ಪಂಪು ಮೈದುನನ ಬೆನ್ನ ಮೇಲಿದೆ. ಅಣ್ಣನದೇ ಬಕೀಟು, ಅಣ್ಣನದೇ ವಿದ್ಯೆ. ಡಾಕ್ಟರಮ್ಮ ಹೇಳಿದ್ದನ್ನೂ ಪೇಪರಿನಲ್ಲಿ ಓದಿದ್ದನ್ನೂ ನಾನು ಹೇಳಿದರೆ, "ನಿಮ್ ಇಂಗ್ಲಿಷ್ ಪೇಪರ್ ಬಿಡ್ರಿ ಅತ್ತಿಗೆ. ಅಣ್ಣಂಗೆ ವಯಸ್ಸಾತು, ಅಷ್ಟೆ. ನಂಗೂ ಈಗ ಅದರ ವಾಸ್ನೆ ಹತ್ತಲ್ಲ, ರೂಢಿ ಆಗೈತೆ," ಎಂದ.

ಇದೇ ಜಂಬ ಅಣ್ಣನ ಬಾಯಲ್ಲೂ ಕೇಳಿದ್ದೆ. ಒಳಗೆ ಹೋಗಿ ಇಂಗಿನ ಡಬ್ಬಿ ತಂದೆ. "ಕಣ್ಮುಚ್ಚು. ಏನಿದು ಹೇಳು."

ಅವನು ಮೂಸಿದ. ಮತ್ತೊಮ್ಮೆ ಮೂಸಿದ. ಅಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು.

"ಇಂಗು! ಸಾರು ಮಾಡ್ತೀರೇನು?" ಎಂದು ನಕ್ಕ.

ಇನ್ನೂ ಟೈಮಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಪಕ್ಕದ ಕುರ್ಚಿಯಿಂದ ಯಜಮಾನರು ನಡುಗುವ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ಮೂಗಿಗೆ ಒತ್ತಿ ದೀರ್ಘವಾಗಿ ಎಳೆದರು.

"ಏನೇ ಕಾನ್ವೆಂಟು, ಖಾಲಿ ಡಬ್ಬಿ ತಂದೀಯಲ್ಲ."

ಮೈದುನನ ನಗು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಹೊಸ ಔಷಧಿಯ ಡಬ್ಬಿ ಹಿಡಿದು ಬಂದ. "ಅತ್ತಿಗೆ, ಇದ್ರಾಗೆ ಏನ್ ಬರದೈತೆ? ಅರ್ಥ ಹೇಳ್ರಿ."

ಕನ್ನಡಕ ಹಾಕಿಕೊಂಡು, ಉಚ್ಚಾರದ ಒನಪು ಬಿಟ್ಟು, ಕನ್ನಡದಲ್ಲೇ ಒಂದೊಂದು ಸಾಲೂ ಹೇಳಿದೆ. ಕೈಗವಸು, ಮೂಗಿಗೆ ಮುಸುಕು, ಗಾಳಿಗೆ ಎದುರು ನಿಲ್ಲಬಾರದು.

"ಇಷ್ಟೆಲ್ಲ ಕಟ್ಕಂಡು ಗದ್ದೆಗಿಳಿದ್ರೆ ಆಳುಗಳು ಮದುಮಗಳು ಅಂತ ನಗ್ತಾರ್ರಿ."

"ನಗಲಿ ಬಿಡಪ್ಪ. ಮದುಮಗಳ ಕೈ ನಡುಗಿದ್ರೆ ನಾಚಿಕೆ ಅಂತಾರೆ. ನಿಂದು ನಡುಗಿದ್ರೆ ಏನಂತಾರೆ, ನಿಮ್ಮಣ್ಣನ್ನ ಕೇಳು."